ಲೋಹ ಲವಣಗಳು ಮತ್ತು ಜಾನುವಾರುಗಳ ಮೃದು ಅಂಗಾಂಶಗಳಲ್ಲಿ ಸುಣ್ಣಗಟ್ಟುವಿಕೆ

ಮೂಳೆ ಮತ್ತು ಹಲ್ಲುಗಳನ್ನು ಹೊರತುಪಡಿಸಿ ದೇಹದ ಇತರ ಭಾಗಗಳಲ್ಲಿ, ಅಂದರೆ ಚರ್ಮ, ಸ್ನಾಯು, ರಕ್ತನಾಳ, ಹೃದಯ, ಶ್ವಾಸಕೋಶ ಮತ್ತು ಮೂತ್ರಪಿಂಡಗಳಲ್ಲಿ, ಕ್ಯಾಲ್ಸಿಯಂ ಲವಣಗಳು ಘನರೂಪದಲ್ಲಿ ಸಂಗ್ರಹವಾಗುವುದನ್ನು ಮೃದು ಅಂಗಾಂಶಗಳ ಸುಣ್ಣಗಟ್ಟುವಿಕೆ ಅಥವಾ ಕ್ಯಾಲ್ಸೀಕರಣ ಎಂದು ಕರೆಯಲಾಗುತ್ತದೆ. ಹೀಗೆ ಸಂಗ್ರಹವಾಗುವ ವಸ್ತು ಬಹುತೇಕ ಮೂಳೆಯಲ್ಲಿರುವ ಖನಿಜವೇ, ಅಂದರೆ ಕ್ಯಾಲ್ಸಿಯಂ ಮತ್ತು ರಂಜಕ ಕೂಡಿದ ಹೈಡ್ರಾಕ್ಸಿ ಅಪಟೈಟ್. ವಸ್ತು ಒಂದೇ ಆದರೂ ಅದು ಇರುವ ಸ್ಥಳ ತಪ್ಪಾಗಿರುವುದರಿಂದ ರೋಗವಾಗುತ್ತದೆ.

ಈ ವಿಷಯವು ಪಶುಪಾಲಕರಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ನಿಮ್ಮ ಕೊಟ್ಟಿಗೆಯ ಔಷಧಿ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ. ಹಂದಿಮರಿಗಳಿಗೆ ಕೊಡುವ ಕಬ್ಬಿಣದ ಚುಚ್ಚುಮದ್ದು, ಕರು ಹಾಕಿದ ಹಸುವಿಗೆ ಏರಿಸುವ ಕ್ಯಾಲ್ಸಿಯಂ ಬಾಟಲಿ, ಜೀವಸತ್ವ ಡಿ ಇರುವ ಶಕ್ತಿವರ್ಧಕ ಚುಚ್ಚುಮದ್ದು, ಗಾಯ ತೊಳೆಯುವ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಇವೆಲ್ಲವೂ ಸಾಮಾನ್ಯವಾಗಿ ಅಲ್ಲಿರುತ್ತವೆ. ಇವು ಒಂದೊಂದೂ ತನ್ನ ಪ್ರಮಾಣದಲ್ಲಿ, ತನ್ನ ಮಾರ್ಗದಲ್ಲಿ ಬಳಕೆಯಾದಾಗ ಉಪಕಾರಿ. ಪ್ರಮಾಣ ಮೀರಿದಾಗ, ಸೇರಬಾರದ ಜಾಗಕ್ಕೆ ಸೇರಿದಾಗ ಅಥವಾ ಒಂದರ ಹಿಂದೊಂದು ಸರಿಯಲ್ಲದ ಅಂತರದಲ್ಲಿ ಕೊಟ್ಟಾಗ ಇವೇ ಸುಣ್ಣಗಟ್ಟುವಿಕೆಗೆ ಕಾರಣವಾಗಬಲ್ಲವು. ಒಳ ಅಂಗಗಳಲ್ಲಿ ಒಮ್ಮೆ ಕಟ್ಟಿದ ಸುಣ್ಣವನ್ನು ಕರಗಿಸುವ ಖಚಿತವಾದ ಔಷಧಿ ಜಾನುವಾರು ಚಿಕಿತ್ಸೆಯಲ್ಲಿ ಇಲ್ಲ. ಆದ್ದರಿಂದ ಇದು ಹೇಗೆ ಉಂಟಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳಿತು.

ರಕ್ತದಲ್ಲಿರುವ ಸುಣ್ಣ ತಾನಾಗಿ ಏಕೆ ಗಟ್ಟಿಯಾಗುವುದಿಲ್ಲ

ಆರೋಗ್ಯವಂತ ಹಸುವಿನ ರಕ್ತಸಾರದಲ್ಲಿ ಪ್ರತಿ 100 ಮಿ.ಲೀ.ಗೆ ಸುಮಾರು 8.5ರಿಂದ 10 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರೊಡನೆ ರಂಜಕವೂ ಇರುತ್ತದೆ. ಇವೆರಡರ ಪ್ರಮಾಣವನ್ನು ಲೆಕ್ಕ ಹಾಕಿದರೆ, ಒಮ್ಮೆ ಹರಳಿನ ಬೀಜ ಬಿದ್ದಿತೆಂದರೆ ಅದು ಬೆಳೆಯುತ್ತಲೇ ಹೋಗುವಷ್ಟು ಸಾಮಗ್ರಿ ರಕ್ತದಲ್ಲಿ ಸದಾ ಸಿದ್ಧವಾಗಿದೆ. ಹಾಗಾಗದಂತೆ ದೇಹವು ಹಲವು ಕಾವಲುಗಳನ್ನು ಇಟ್ಟುಕೊಂಡಿದೆ. ಪೈರೋಫಾಸ್ಫೇಟ್ ಎಂಬ ಸಣ್ಣ ಅಣುವು ಹರಳಿನ ಮೇಲ್ಮೈಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನು ತಡೆಯುತ್ತದೆ. ಮೆಗ್ನೀಸಿಯಂ ಹರಳಿನ ರಚನೆಗೆ ಅಡ್ಡಿಯಾಗುತ್ತದೆ. ಯಕೃತ್ತಿನಲ್ಲಿ ತಯಾರಾಗುವ ಫೆಟ್ಯುಇನ್ ಎಂಬ ಪ್ರೋಟೀನು ರಕ್ತದಲ್ಲಿ ಸಂಚರಿಸುತ್ತಾ ಸಡಿಲ ಕಣಗಳನ್ನು ಸುತ್ತುವರಿಯುತ್ತದೆ. ರಕ್ತನಾಳಗಳ ಗೋಡೆಯಲ್ಲಿ ಮ್ಯಾಟ್ರಿಕ್ಸ್ ಗ್ಲಾ ಎಂಬ ಇನ್ನೊಂದು ಪ್ರೋಟೀನು ಕೆಲಸ ಮಾಡುತ್ತದೆ. ಇದು ಕ್ರಿಯಾಶೀಲವಾಗಲು ಜೀವಸತ್ವ ಕೆ ಬೇಕು. ಈ ಪ್ರೋಟೀನಿನ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳ ಅಪಧಮನಿಗಳು ಎಳೆಯ ವಯಸ್ಸಿನಲ್ಲೇ ಸುಣ್ಣದ ಕೊಳವೆಗಳಂತಾಗಿ, ಒಡೆದು, ಅವು ಸಾಯುತ್ತವೆ ಎಂಬುದನ್ನು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಆದುದರಿಂದ ಸುಣ್ಣಗಟ್ಟುವಿಕೆಯನ್ನು 'ಕ್ಯಾಲ್ಸಿಯಂ ಹೆಚ್ಚಾಯಿತು' ಎಂಬ ಒಂದೇ ಮಾತಿನಲ್ಲಿ ವಿವರಿಸಲಾಗದು. ಸಾಮಗ್ರಿ ಹೆಚ್ಚಾಗಬಹುದು, ಕಾವಲು ಸಡಿಲವಾಗಬಹುದು, ಇಲ್ಲವೇ ಹರಳಿಗೆ ಬೀಜವಾಗುವ ವಸ್ತು ಒಳಗೆ ಬಂದು ಬೀಳಬಹುದು. ಲೋಹ ಲವಣಗಳು ಮುಖ್ಯವಾಗಿ ಕೊನೆಯ ಎರಡು ದಾರಿಗಳಲ್ಲಿ ಕೆಲಸ ಮಾಡುತ್ತವೆ.

ರೋಗಶಾಸ್ತ್ರದಲ್ಲಿ ಸುಣ್ಣಗಟ್ಟುವಿಕೆಯನ್ನು ಎರಡು ಬಗೆಯಾಗಿ ವಿಂಗಡಿಸುವ ರೂಢಿ ಹಳೆಯದು. ಸತ್ತ ಅಥವಾ ಕ್ಷೀಣಿಸಿದ ಅಂಗಾಂಶದಲ್ಲಿ, ರಕ್ತದ ಕ್ಯಾಲ್ಸಿಯಂ ಸರಿಯಾಗಿರುವಾಗಲೇ ಸುಣ್ಣ ಕಟ್ಟುವುದು ಒಂದು ಬಗೆ. ರಕ್ತದಲ್ಲಿ ಕ್ಯಾಲ್ಸಿಯಂ ಅಥವಾ ರಂಜಕ ಏರಿದುದರಿಂದ ಆರೋಗ್ಯವಂತ ಅಂಗಾಂಶದಲ್ಲೂ ಸುಣ್ಣ ಕಟ್ಟುವುದು ಎರಡನೆಯ ಬಗೆ. ಇದನ್ನು ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ 1855ರಲ್ಲಿಯೇ ವರ್ಣಿಸಿದ್ದರು. ಸುಮಾರು ಒಂದು ಶತಮಾನದವರೆಗೆ ಈ ಎರಡೇ ಬಗೆಗಳು ಸಾಕೆನಿಸಿದ್ದವು.

ಹಾನ್ಸ್ ಸೆಲ್ಯೆಯವರ ಪ್ರಯೋಗಗಳು

ಹಂಗೇರಿ ಮೂಲದ ವೈದ್ಯವಿಜ್ಞಾನಿ ಹಾನ್ಸ್ ಸೆಲ್ಯೆ (1907–1982) ಹೆಚ್ಚಿನವರಿಗೆ ಒತ್ತಡದ ಕುರಿತ ಸಂಶೋಧನೆಯಿಂದ ಪರಿಚಿತರು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಇಲಿಗಳ ಮೇಲೆ ನಡೆಸಿದ ಇನ್ನೊಂದು ಸರಣಿ ಪ್ರಯೋಗಗಳು 1962ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಆ ವಿದ್ಯಮಾನಕ್ಕೆ ಅವರಿಟ್ಟ ಹೆಸರು ಕ್ಯಾಲ್ಸಿಫೈಲ್ಯಾಕ್ಸಿಸ್.

ಪ್ರಯೋಗದ ಕ್ರಮ ಸರಳವಾಗಿತ್ತು. ಮೊದಲ ದಿನ ಇಲಿಗೆ ಜೀವಸತ್ವ ಡಿಗೆ ಸಂಬಂಧಿಸಿದ ಡೈಹೈಡ್ರೋಟ್ಯಾಕಿಸ್ಟೆರಾಲ್ ಎಂಬ ವಸ್ತುವನ್ನು ಬಾಯಿಯ ಮೂಲಕ ಕೊಡಲಾಯಿತು. ಇದು ದೇಹವನ್ನು ಸಿದ್ಧಗೊಳಿಸುವ ಹಂತ. ಇಷ್ಟರಿಂದಲೇ ಚರ್ಮದಲ್ಲಿ ಸುಣ್ಣ ಕಟ್ಟಲಿಲ್ಲ. ಮಾರನೆಯ ದಿನ ಚರ್ಮದಡಿ ಕಬ್ಬಿಣ, ಕ್ರೋಮಿಯಂ ಅಥವಾ ಅಲ್ಯೂಮಿನಿಯಂ ಲವಣವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಲಾಯಿತು. ಸಿದ್ಧಗೊಳಿಸದ ಇಲಿಯಲ್ಲಿ ಆ ಚುಚ್ಚುಮದ್ದು ಸುಣ್ಣವನ್ನು ಕಟ್ಟಿಸುತ್ತಿರಲಿಲ್ಲ. ಸಿದ್ಧಗೊಂಡ ಇಲಿಯಲ್ಲಾದರೋ ಕೆಲವೇ ದಿನಗಳಲ್ಲಿ ಚುಚ್ಚಿದ ಜಾಗ ಹಲಗೆಯಂತೆ ಗಟ್ಟಿಯಾಯಿತು. ಲೋಹ ಲವಣವಷ್ಟೇ ಅಲ್ಲ, ಮೊಟ್ಟೆಯ ಬಿಳಿಭಾಗವೂ, ಕೂದಲು ಕಿತ್ತ ಗಾಯವೂ ಹೀಗೆ ಪ್ರಚೋದಕಗಳಾಗಬಲ್ಲವು ಎಂದು ಸೆಲ್ಯೆ ಕಂಡುಕೊಂಡರು.

ಇಲ್ಲಿ ನೀವು ವಿಶೇಷವಾಗಿ ಗಮನಿಸಬೇಕಾದುದು ಕಾಲದ ಅಂತರವನ್ನು. ಸಿದ್ಧತೆಗೂ ಪ್ರಚೋದನೆಗೂ ನಡುವೆ ಒಂದು ನಿರ್ಣಾಯಕ ಅವಧಿ ಇದೆ. ಪ್ರಚೋದಕವು ಆ ಅವಧಿಯೊಳಗೆ ಬಂದರೆ ಮಾತ್ರ ಪರಿಣಾಮ ತೀವ್ರ. ಎರಡು ಔಷಧಿಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ನಿರಪಾಯಕರವೆಂದು ಕಂಡರೂ, ಒಂದರ ನೆರಳಿನಲ್ಲಿ ಇನ್ನೊಂದು ಬಂದಾಗ ಅಪಾಯವಾಗಬಹುದೆಂಬ ಈ ಅಂಶವೇ ಪಶು ಚಿಕಿತ್ಸೆಯ ದೃಷ್ಟಿಯಿಂದ ಸೆಲ್ಯೆಯವರ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಎಂದು ಹೇಳಬಹುದು.

ಮೂತ್ರಪಿಂಡ ವೈಫಲ್ಯವುಳ್ಳ ಮನುಷ್ಯರಲ್ಲಿ, ಮುಖ್ಯವಾಗಿ ಡಯಾಲಿಸಿಸ್ ಪಡೆಯುವವರಲ್ಲಿ, ಚರ್ಮದ ಸಣ್ಣ ಅಪಧಮನಿಗಳು ಸುಣ್ಣಗಟ್ಟಿ ಹುಣ್ಣಾಗುವ ಗಂಭೀರ ಕಾಯಿಲೆಗೂ ಇದೇ ಹೆಸರು ಬಳಕೆಯಲ್ಲಿದೆ. ಹೆಸರು ಒಂದೇ ಆದರೂ ಅದು ಸೆಲ್ಯೆಯವರ ಇಲಿಗಳ ರೋಗವಲ್ಲ. ಎರಡನ್ನೂ ಬೆರೆಸಿ ಓದಬಾರದು.

ಸಿದ್ಧತೆಯಿಲ್ಲದೆಯೇ ಸುಣ್ಣ ಕಟ್ಟಿಸುವ ಲವಣಗಳು

ಕೆಲವು ಲವಣಗಳಿಗೆ ಜೀವಸತ್ವ ಡಿಯ ಪೂರ್ವಸಿದ್ಧತೆ ಬೇಕಿಲ್ಲ. ಸೀಸದ ಅಸಿಟೇಟ್, ಪೊಟ್ಯಾಸಿಯಂ ಪರ್ಮಾಂಗನೇಟ್, ಇಂಡಿಯಂ, ಸೀರಿಯಂ ಮತ್ತು ಲ್ಯಾಂಥನಂ ಕ್ಲೋರೈಡುಗಳನ್ನು ಇಲಿಯ ಚರ್ಮದಡಿ ಚುಚ್ಚಿದರೆ ಆ ಜಾಗದಲ್ಲಿ ನೇರವಾಗಿ ಸುಣ್ಣ ಕಟ್ಟುತ್ತದೆ. ಈ ಗುಣವನ್ನು ಕ್ಯಾಲ್ಸರ್ಜಿ ಎಂದೂ, ಅಂಥ ವಸ್ತುಗಳನ್ನು ನೇರ ಸುಣ್ಣಕಾರಕಗಳೆಂದೂ ಕರೆಯುತ್ತಾರೆ. ಹೀಗೆ ಕಟ್ಟುವ ಗಂಟಿನ ಕ್ಯಾಲ್ಸಿಯಂ ಚುಚ್ಚಿದ ದ್ರವದಿಂದ ಬಂದದ್ದಲ್ಲ, ಪ್ರಾಣಿಯ ಸ್ವಂತ ರಕ್ತದಿಂದ ಬಂದದ್ದು. ಲೋಹವು ದಾರಿ ತೆರೆದಿದೆ, ಅಷ್ಟೆ.

ಇದಕ್ಕೆ ಕೊಡಲಾಗುವ ವಿವರಣೆಗಳು ಒಂದಕ್ಕೊಂದು ಪೂರಕವಾಗಿವೆ. ಲೋಹದ ಅಯಾನು ಜೀವಕೋಶವನ್ನು ಘಾಸಿಗೊಳಿಸಿದಾಗ ಕೋಶದ ಪೊರೆ ಬಿರಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶದ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಗಳು ಅದನ್ನು ಹೀರಿಕೊಂಡು ತುಂಬಿಕೊಳ್ಳುತ್ತವೆ. ಸುಣ್ಣದ ಮೊದಲ ಕಣಗಳು ಹಲವು ಬಾರಿ ಇಲ್ಲಿಯೇ ಕಾಣುತ್ತವೆ. ಲೋಹವು ಕಾಲಜನ್ ನಾರುಗಳಿಗೆ ಬಂಧಿಸಿಕೊಂಡು ಅವುಗಳ ಮೇಲ್ಮೈಯನ್ನು ಹರಳು ಕೂರಲು ಅನುಕೂಲವಾಗುವಂತೆ ಬದಲಿಸಬಹುದು. ಸೀಸದಂಥ ಲೋಹಗಳು ರಂಜಕದೊಡನೆ ಕರಗದ ಲವಣವಾಗಿ ತಾವೇ ಬೀಜವಾಗಬಹುದು. ಪೈರೋಫಾಸ್ಫೇಟನ್ನು ಲೋಹವು ಹಿಡಿದುಕೊಂಡರೆ ಆ ಜಾಗದ ಕಾವಲೂ ತಪ್ಪುತ್ತದೆ. ಪೈರೋಫಾಸ್ಫೇಟನ್ನು ಹೋಲುವ ಬಿಸ್ಫಾಸ್ಫೊನೇಟ್ ಔಷಧಿಗಳು ಪ್ರಾಯೋಗಿಕ ಪ್ರಾಣಿಗಳಲ್ಲಿ ಇಂಥ ಸುಣ್ಣಗಟ್ಟುವಿಕೆಯನ್ನು ತಡೆಯುವುದು ಈ ವಿವರಣೆಗೆ ಪುಷ್ಟಿ ಕೊಡುತ್ತದೆ.

ಹಂದಿಮರಿಗಳಿಗೆ ಕಬ್ಬಿಣದ ಚುಚ್ಚುಮದ್ದು

ಹೊಲಮನೆಯ ಮಟ್ಟದಲ್ಲಿ ಸೆಲ್ಯೆಯವರ ಇಲಿಗಳ ಪ್ರಯೋಗಕ್ಕೆ ಅತ್ಯಂತ ಸಮೀಪದ ಸಂದರ್ಭವೆಂದರೆ ಹಂದಿಮರಿಗಳಿಗೆ ಕೊಡುವ ಐರನ್ ಡೆಕ್ಸ್‌ಟ್ರಾನ್ ಚುಚ್ಚುಮದ್ದು. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಹಂದಿಮರಿಯು ಹುಟ್ಟುವಾಗ ಅದರ ದೇಹದಲ್ಲಿರುವ ಕಬ್ಬಿಣ ಕೇವಲ 40ರಿಂದ 50 ಮಿ.ಗ್ರಾಂ. ವೇಗವಾಗಿ ಬೆಳೆಯುವ ಮರಿಗೆ ದಿನಕ್ಕೆ 7 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಬ್ಬಿಣ ಬೇಕು. ತಾಯಿಹಾಲಿನಿಂದ ಸಿಗುವುದು ದಿನಕ್ಕೆ ಸುಮಾರು 1 ಮಿ.ಗ್ರಾಂ ಮಾತ್ರ. ಮಣ್ಣು ಕೆದಕುವ ಹಂದಿಗೆ ಮಣ್ಣಿನಿಂದಲೇ ಕಬ್ಬಿಣ ದೊರೆಯುತ್ತದೆ. ಸಿಮೆಂಟು ನೆಲದ ಕೊಟ್ಟಿಗೆಯ ಮರಿಗೆ ಆ ಅವಕಾಶವಿಲ್ಲ. ಆದುದರಿಂದ ಚುಚ್ಚುಮದ್ದು ಕೊಡದಿದ್ದರೆ ಎರಡು ಮೂರು ವಾರಗಳಲ್ಲಿ ಮರಿಗಳು ಬಿಳಿಚಿಕೊಂಡು, ಏದುಸಿರು ಬಿಡುತ್ತಾ, ಬೆಳವಣಿಗೆ ಕುಂಠಿತವಾಗಿ ಸಾಯಬಹುದು. 1950ರ ದಶಕದ ಮಧ್ಯಭಾಗದಿಂದ ಬಳಕೆಗೆ ಬಂದ ಐರನ್ ಡೆಕ್ಸ್‌ಟ್ರಾನ್ ಈ ಸಾವುಗಳನ್ನು ತಪ್ಪಿಸಿದೆ. ಮುಂದೆ ಹೇಳುವ ಯಾವ ಮಾತನ್ನೂ ಈ ಚುಚ್ಚುಮದ್ದು ಬೇಡವೆಂಬ ಸಲಹೆಯಾಗಿ ತೆಗೆದುಕೊಳ್ಳಬಾರದು.

ತೊಂದರೆ ಬರುವುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು, ಮರಿಗಳಲ್ಲಿ ಜೀವಸತ್ವ ಇ ಮತ್ತು ಸೆಲೆನಿಯಂ ಕೊರತೆ ಇರುವಾಗ. ಆಗ ಕಬ್ಬಿಣವು ಸ್ನಾಯುಕೋಶಗಳ ಪೊರೆಯನ್ನು ಸುಡುವಂತೆ ಹಾಳುಮಾಡಿ, ಕೋಶಗಳೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಸುರಿದು, ಚುಚ್ಚುಮದ್ದು ಕೊಟ್ಟ ಅಲ್ಪಕಾಲದಲ್ಲೇ ಹಲವು ಮರಿಗಳು ಸಾಯಬಹುದು. ಬದುಕುಳಿದ ಮರಿಗಳ ಸತ್ತ ಸ್ನಾಯುವಿನಲ್ಲಿ ಬಳಿಕ ಸುಣ್ಣ ಕಟ್ಟಬಹುದು. ಎರಡನೆಯದು, ಜೀವಸತ್ವ ಡಿ ದೇಹದಲ್ಲಿ ಅತಿಯಾಗಿರುವಾಗ. ತಾಯಿ ಹಂದಿಗಾಗಲಿ ಮರಿಗಾಗಲಿ ಜೀವಸತ್ವ ಡಿ ಹೆಚ್ಚು ಪ್ರಮಾಣದಲ್ಲಿ ದೊರೆತು, ಅದೇ ಸಮಯಕ್ಕೆ ಕಬ್ಬಿಣ ಚುಚ್ಚಿದರೆ, ಚುಚ್ಚಿದ ಸ್ನಾಯುವಿನ ಸುತ್ತಲಿನ ಸಂಯೋಜಕ ಅಂಗಾಂಶದಲ್ಲಿ ಸುಣ್ಣ ಕಟ್ಟುವುದನ್ನು ಪಶು ರೋಗಶಾಸ್ತ್ರವು ಗುರುತಿಸಿದೆ. ಇಲ್ಲಿ ಜೀವಸತ್ವ ಡಿ ಸಿದ್ಧಗೊಳಿಸುವ ವಸ್ತು, ಕಬ್ಬಿಣ ಪ್ರಚೋದಕ.

ಇಂಥ ಮರಿಗಳಲ್ಲಿ ಚುಚ್ಚಿದ ಭಾಗವು ಊದಿ, ಕ್ರಮೇಣ ಕಲ್ಲಿನಂತೆ ಗಟ್ಟಿಯಾಗುತ್ತದೆ. ತೊಡೆಗೆ ಚುಚ್ಚಿದ್ದರೆ ಮರಿ ಕುಂಟುತ್ತದೆ. ಕೊಯ್ದಾಗ ಕತ್ತಿಗೆ ಮರಳು ತಾಗಿದಂಥ ಸದ್ದು ಕೇಳಿಸುತ್ತದೆ. ಅಂಗಾಂಶವು ಬಿಳಿ ಮತ್ತು ಕಂದು ಬಣ್ಣದ ಪಟ್ಟೆಗಳಿಂದ ಕೂಡಿರುತ್ತದೆ. ಕಂದು ಬಣ್ಣ ಉಳಿದ ಕಬ್ಬಿಣದ್ದು, ಬಿಳಿ ಬಣ್ಣ ಸುಣ್ಣದ್ದು.

ಕೊಡಗು ಮತ್ತಿತರ ಪ್ರದೇಶಗಳಲ್ಲಿ ಹಂದಿ ಸಾಕುವವರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು. ಮರಿ ಹುಟ್ಟಿದ ಮೂರನೆಯ ದಿನದ ಸುಮಾರಿಗೆ ಒಟ್ಟು 200 ಮಿ.ಗ್ರಾಂ ಕಬ್ಬಿಣ ದೊರೆಯುವಷ್ಟು ಔಷಧಿಯನ್ನು ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ಬಾಟಲಿಯ ಮೇಲೆ ಪ್ರತಿ ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಕಬ್ಬಿಣ ಎಂದು ಬರೆದಿರುವುದನ್ನು ಓದಿಕೊಳ್ಳದೆ ಸಿರಿಂಜು ತುಂಬಬೇಡಿ, 100 ಮಿ.ಗ್ರಾಂ ಶಕ್ತಿಯದೂ 200 ಮಿ.ಗ್ರಾಂ ಶಕ್ತಿಯದೂ ಒಂದೇ ತೆರನಾಗಿ ಕಾಣುತ್ತವೆ, ಮತ್ತು ಇಲ್ಲಿಯೇ ಎರಡು ಪಟ್ಟು ಔಷಧಿ ಹೋಗುವುದು. ತೊಡೆಗೆ ಬದಲು ಕುತ್ತಿಗೆಯ ಸ್ನಾಯುವಿಗೆ ಚುಚ್ಚಬೇಕು. ತೊಡೆಯ ಮಾಂಸವೇ ಬೆಲೆಬಾಳುವುದು. ಅಲ್ಲಿ ಕಲೆಯಾಗಲಿ ಗಂಟಾಗಲಿ ಉಳಿದರೆ ಕಸಾಯಿಖಾನೆಯಲ್ಲಿ ಕತ್ತರಿಸಿ ಎಸೆಯಬೇಕಾಗುತ್ತದೆ. ಸೂಜಿ ಸ್ವಚ್ಛವಾಗಿರಲಿ.

ಕಬ್ಬಿಣ ಕೊಡುವ ದಿನವೇ 'ಹೇಗೂ ಹಿಡಿದಿದ್ದೇವಲ್ಲ' ಎಂದು ಜೀವಸತ್ವ ಎ, ಡಿ, ಇ ಮೂರೂ ಇರುವ ಚುಚ್ಚುಮದ್ದನ್ನೂ ಕೊಟ್ಟುಬಿಡುವ ಅಭ್ಯಾಸವನ್ನು ಕೈಬಿಡಬೇಕು. ಜೀವಸತ್ವ ಇ ಕೊರತೆಯ ಸಂಶಯವಿದ್ದರೆ ಅದನ್ನು ಗಬ್ಬದ ಹಂದಿಯ ಆಹಾರದಲ್ಲೇ ಸರಿಪಡಿಸುವುದು ಸೂಕ್ತ. ಗಬ್ಬದ ಮತ್ತು ಹಾಲೂಡುವ ಹಂದಿಗೆ ಪ್ರತಿ ಕೆ.ಜಿ. ಆಹಾರದಲ್ಲಿ ಬೇಕಾದ ಜೀವಸತ್ವ ಡಿ ಸುಮಾರು 800 ಅಂತರರಾಷ್ಟ್ರೀಯ ಘಟಕ ಮಾತ್ರ. ಮನೆಯಲ್ಲೇ ಆಹಾರ ಮಿಶ್ರಣ ಮಾಡುವವರು ಜೀವಸತ್ವದ ಪುಡಿಯನ್ನು ಅಂದಾಜಿನಿಂದ ಸುರಿಯದೆ ತೂಗಿ, ಮೊದಲು ಸ್ವಲ್ಪ ತೌಡಿನಲ್ಲಿ ಕಲಸಿ, ಅನಂತರ ಇಡೀ ರಾಶಿಗೆ ಬೆರೆಸಬೇಕು. ಮಿಶ್ರಣದ ತಪ್ಪಿನಿಂದ ಜೀವಸತ್ವ ಡಿ ಅತಿಯಾಗಿ, ಹೊಟ್ಟೆ, ಮೂತ್ರಪಿಂಡ, ಶ್ವಾಸಕೋಶಗಳಲ್ಲಿ ಸುಣ್ಣ ಕಟ್ಟಿ ಹಂದಿಗಳು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಕರು ಹಾಕಿದ ಹಸು ಮತ್ತು ಕ್ಯಾಲ್ಸಿಯಂ ಬಾಟಲಿ

ಹಾಲುಜ್ವರಕ್ಕೆ ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಕೊಡುವುದು ಎಲ್ಲ ಪಶುಪಾಲಕರೂ ಕಂಡ ಚಿಕಿತ್ಸೆ. ನೆಲಕ್ಕೊರಗಿದ ಹಸು ಬಾಟಲಿ ಮುಗಿಯುವಷ್ಟರಲ್ಲಿ ಎದ್ದು ನಿಲ್ಲುವುದನ್ನು ಕಂಡವರಿಗೆ ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಒಳ್ಳೆಯದೇ ಎಂಬ ಭಾವನೆ ಬರುವುದು ಸಹಜ. ಆದರೆ ಕ್ಯಾಲ್ಸಿಯಂ ಸಹ ಲೋಹವೇ. ಅದರ ಲವಣ ಯಾವುದು, ಯಾವ ಮಾರ್ಗದಲ್ಲಿ ಹೋಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕ್ಯಾಲ್ಸಿಯಂ ಕ್ಲೋರೈಡು ತೀವ್ರ ಉರಿ ಉಂಟುಮಾಡುವ ಲವಣ. ರಕ್ತನಾಳಕ್ಕೆ ಹೋಗಬೇಕಾದದ್ದು ಹೊರಗೆ ಸೋರಿ ಚರ್ಮದಡಿ ಸೇರಿದರೆ ಆ ಭಾಗದ ಅಂಗಾಂಶ ಸತ್ತು, ಚರ್ಮ ಸುಲಿದು ಬೀಳಬಹುದು. ಉಳಿದ ಭಾಗದಲ್ಲಿ ಸುಣ್ಣ ಕಟ್ಟುತ್ತದೆ. ಇದನ್ನು ಚರ್ಮದಡಿಯಾಗಲಿ ಸ್ನಾಯುವಿಗಾಗಲಿ ಎಂದಿಗೂ ಕೊಡಬಾರದು. ಬೋರೋಗ್ಲುಕೊನೇಟ್ ಇದಕ್ಕಿಂತ ಸೌಮ್ಯವಾದುದರಿಂದ ಚರ್ಮದಡಿ ಕೊಡಲು ಸಾಧ್ಯ. ಆದರೂ ಒಂದೇ ಜಾಗಕ್ಕೆ ಇಡೀ ಬಾಟಲಿಯನ್ನು ಹರಿಸಬಾರದು. ಹಲವು ಜಾಗಗಳಿಗೆ ಹಂಚಿ, ಮೈಯ ಬಿಸಿಗೆ ತಂದು, ನಿಧಾನವಾಗಿ ಉಜ್ಜಿ ಹರಡಬೇಕು. ಮಲಗಿದ್ದು ಮೈ ತಣ್ಣಗಾದ ಹಸುವಿನಲ್ಲಿ ಚರ್ಮದ ರಕ್ತಸಂಚಾರವೇ ಕ್ಷೀಣವಾಗಿರುವುದರಿಂದ ಚರ್ಮದಡಿ ಕೊಟ್ಟ ಕ್ಯಾಲ್ಸಿಯಂ ಅಲ್ಲಿಯೇ ನಿಂತುಬಿಡುತ್ತದೆ. ರಕ್ತನಾಳಕ್ಕೆ ಕೊಡುವ ಕೆಲಸವನ್ನು ಹೃದಯದ ಬಡಿತ ಆಲಿಸುತ್ತಾ ಕೊಡಬಲ್ಲ ಪಶುವೈದ್ಯರಿಗೇ ಬಿಡಿ. ವೇಗ ಹೆಚ್ಚಾದರೆ ಹೃದಯವೇ ನಿಲ್ಲುತ್ತದೆ.

ನಾಯಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮರಿಗಳಿಗೆ ಹಾಲೂಡುವ ನಾಯಿಗೆ ನಡುಕ ಬಂದಾಗ ಕೊಡುವ ಕ್ಯಾಲ್ಸಿಯಂ ಗ್ಲುಕೊನೇಟನ್ನು ಚರ್ಮದಡಿ ಕೊಟ್ಟು, ಬೆನ್ನಿನ ಚರ್ಮ ಹಲಗೆಗಟ್ಟಿ ಸುಲಿದ ಪ್ರಕರಣಗಳಿವೆ.

ಹಾಲುಜ್ವರವನ್ನು ತಡೆಯಲು ಕರು ಹಾಕುವ ಸುಮಾರು ಒಂದು ವಾರದ ಮುಂಚೆ ಒಂದು ಕೋಟಿ ಘಟಕ ಜೀವಸತ್ವ ಡಿ3 ಚುಚ್ಚುವ ಪದ್ಧತಿ ಇದೆ. ದಿನವೊಂದಕ್ಕೆ ಎರಡರಿಂದ ಮೂರು ಕೋಟಿ ಘಟಕವನ್ನು ಐದರಿಂದ ಏಳು ದಿನ ತಿನ್ನಿಸುವ ಪದ್ಧತಿಯೂ ಹಿಂದೆ ಇತ್ತು. ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇಲ್ಲಿ ಅಂತರ ಬಹಳ ಕಿರಿದು. ಏಳು ದಿನ ದಾಟಿ ಮುಂದುವರಿಸಿದರೆ ಮಹಾ ಅಪಧಮನಿ, ಹೃದಯದ ಒಳಪೊರೆ ಮತ್ತು ಮೂತ್ರಪಿಂಡಗಳಲ್ಲಿ ಸುಣ್ಣ ಕಟ್ಟುತ್ತದೆ. ಹಳ್ಳಿಗಳಲ್ಲಿ ಗಬ್ಬದ ದಿನದ ಲೆಕ್ಕ ತಪ್ಪುವುದು ಅಪರೂಪವಲ್ಲ. ಹೇಳಿದ ದಿನಕ್ಕೆ ಹಸು ಕರು ಹಾಕಲಿಲ್ಲವೆಂದು ಇನ್ನೊಂದು ಚುಚ್ಚುಮದ್ದು, ಮತ್ತೂ ತಡವಾಯಿತೆಂದು ಮಗದೊಂದು ಕೊಡಿಸಿದರೆ ಅಪಾಯವನ್ನು ನಾವೇ ಕರೆದಂತಾಗುತ್ತದೆ. ಕೃತಕ ಗರ್ಭಧಾರಣೆಯ ದಿನಾಂಕವನ್ನು ಗೋಡೆಯ ಮೇಲಾದರೂ ಬರೆದಿಡಿ. ಗಬ್ಬದ ಕೊನೆಯ ವಾರಗಳಲ್ಲಿ ಆಹಾರದ ಮೂಲಕ ಹಾಲುಜ್ವರ ತಡೆಯುವುದು ಈ ಚುಚ್ಚುಮದ್ದಿಗಿಂತ ಸುರಕ್ಷಿತ ಮಾರ್ಗವೆಂಬುದು ನಮ್ಮ ಅಭಿಪ್ರಾಯ.

ಎಳೆಗರುಗಳನ್ನು ತಿಂಗಳುಗಟ್ಟಲೆ ಹಾಲಿನ ಮೇಲೆಯೇ ಸಾಕಿದಾಗ ಮೆಗ್ನೀಸಿಯಂ ಕೊರತೆಯಾಗಿ, ಹೃದಯ, ರಕ್ತನಾಳ ಮತ್ತು ವಪೆಗಳಲ್ಲಿ ಸುಣ್ಣ ಕಾಣಿಸಿಕೊಳ್ಳುವುದುಂಟು. ಒಂದು ಲೋಹ ಅತಿಯಾದುದರಿಂದ ಮಾತ್ರವಲ್ಲ, ಇನ್ನೊಂದು ಕಡಿಮೆಯಾದುದರಿಂದಲೂ ಸುಣ್ಣ ಕಟ್ಟುತ್ತದೆ. ಸಕಾಲದಲ್ಲಿ ಹುಲ್ಲು ಮತ್ತು ಕರು ಆಹಾರ ರೂಢಿಸಿದರೆ ಈ ತೊಂದರೆ ಬರುವುದಿಲ್ಲ.

ಪರ್ಮಾಂಗನೇಟ್ ಮತ್ತು ಸೀಸ

ಕಾಲುಬಾಯಿ ಜ್ವರದಲ್ಲಿ ಬಾಯಿ ಮತ್ತು ಗೊರಸಿನ ಹುಣ್ಣು ತೊಳೆಯಲು ಸಾವಿರಕ್ಕೆ ಒಂದರಷ್ಟು ತೆಳುವಾದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಬಳಸುವುದು ಸರಿಯಾದ ಕ್ರಮ. ಅದು ಮೇಲ್ಮೈಯನ್ನಷ್ಟೇ ತಾಗಿ ಹರಿದುಹೋಗುತ್ತದೆ. ಆದರೆ ಹರಳುಗಳನ್ನೇ ಆಳವಾದ ಗಾಯದೊಳಗೆ ತುಂಬುವುದು, ದಟ್ಟ ದ್ರಾವಣವನ್ನು ಸಿರಿಂಜಿನಿಂದ ಕೀವಿನ ಗೂಡಿನೊಳಗೆ ಒತ್ತುವುದು ಬೇರೆಯೇ ಮಾತು. ದಟ್ಟ ಪರ್ಮಾಂಗನೇಟ್ ಅಂಗಾಂಶವನ್ನು ಸುಡುತ್ತದೆ. ಇಲಿಗಳ ಚರ್ಮದಡಿ ಚುಚ್ಚಿದಾಗ ನೇರವಾಗಿ ಸುಣ್ಣ ಕಟ್ಟಿಸುವ ವಸ್ತುಗಳಲ್ಲಿ ಅದೂ ಒಂದು ಎಂಬುದನ್ನು ಮೇಲೆ ಹೇಳಿದೆ. ತಿಳಿ ಗುಲಾಬಿ ಬಣ್ಣದ ನೀರು ಸಾಕು. ನೇರಳೆ ಬಣ್ಣ ಬಂದರೆ ಇನ್ನಷ್ಟು ನೀರು ಸೇರಿಸಿ.

ಸೀಸದ ಅಸಿಟೇಟ್ ಮತ್ತು ಸತುವಿನ ಸಲ್ಫೇಟ್ ಕೂಡಿದ ಬಿಳಿ ದ್ರಾವಣವೊಂದನ್ನು ಉಳುಕು, ಊತಗಳಿಗೆ ಹಚ್ಚುವ ಕ್ರಮ ಹಳೆಯ ಪಶು ಔಷಧಶಾಸ್ತ್ರ ಪುಸ್ತಕಗಳಲ್ಲಿದೆ. ಒಡೆದ ಚರ್ಮಕ್ಕೆ, ನೆಕ್ಕಲು ಎಟಕುವ ಜಾಗಕ್ಕೆ ಅದನ್ನು ಹಚ್ಚಬಾರದು. ನಿಜ ಹೇಳಬೇಕೆಂದರೆ ಇಂದು ಅದರ ಅಗತ್ಯವೇ ಇಲ್ಲ. ಸೀಸದಿಂದ ದನಗಳಿಗೆ ಬರುವ ದೊಡ್ಡ ಅಪಾಯ ಸುಣ್ಣದ ಗಂಟಲ್ಲ. ಹಳೆಯ ಬ್ಯಾಟರಿಯ ತಟ್ಟೆ, ಬಣ್ಣದ ಡಬ್ಬಿ ನೆಕ್ಕಿ ಕುರುಡಾಗಿ, ಹಲ್ಲು ಕಡಿದು, ಸೆಳೆತದಿಂದ ಸಾಯುವುದು. ಕೊಟ್ಟಿಗೆಯ ಮೂಲೆಯಲ್ಲಿ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಇಟ್ಟಿದ್ದರೆ ಇಂದೇ ತೆಗೆಸಿ.

ಲೋಹವಿಲ್ಲದೆ ಇದೇ ಪರಿಣಾಮ ಬೀರುವ ಗಿಡಗಳು

ಅರ್ಜೆಂಟೀನಾದಲ್ಲಿ ಬದನೆಯ ಕುಲದ ಸೊಲಾನಮ್ ಗ್ಲಾಕೋಫಿಲ್ಲಮ್ ಎಂಬ ಗಿಡ ತಿಂದ ದನಗಳು ಬಡಕಲಾಗಿ, ಬೆನ್ನು ಬಾಗಿ, ಅಪಧಮನಿಗಳು ಸುಣ್ಣಗಟ್ಟಿ ಸಾಯುತ್ತವೆ. ಆಲ್ಪ್ಸ್ ಪರ್ವತ ಪ್ರದೇಶದಲ್ಲಿ ಟ್ರೈಸೆಟಮ್ ಎಂಬ ಹುಲ್ಲು, ಅಮೆರಿಕದ ಫ್ಲಾರಿಡಾದಲ್ಲಿ ಹಗಲಿನಲ್ಲಿ ಪರಿಮಳ ಬೀರುವ ಸೆಸ್ಟ್ರಮ್ ಡಯರ್ನಮ್ ಇದೇ ಕಾಯಿಲೆಗೆ ಕಾರಣ. ಕ್ರಿಯಾಶೀಲ ಜೀವಸತ್ವ ಡಿಯಂತೆ ವರ್ತಿಸುವ ವಸ್ತು ಈ ಗಿಡಗಳ ಎಲೆಯಲ್ಲಿದೆ. ರಾತ್ರಿರಾಣಿಯ ಹತ್ತಿರದ ಸಂಬಂಧಿಯಾದ ಸೆಸ್ಟ್ರಮ್ ಡಯರ್ನಮ್ ನಮ್ಮ ತೋಟಗಳಲ್ಲೂ ಬೇಲಿಗಳಲ್ಲೂ ಅಲಂಕಾರಕ್ಕೆ ಬೆಳೆಯುವ ಗಿಡ. ಬೇಲಿ ಸವರಿದ ಸೊಪ್ಪನ್ನು ದನಗಳ ಮುಂದೆ ಹಾಕಬೇಡಿ.

ಗಟ್ಟಿ ಗಂಟು ಕಂಡಾಗ

ಚುಚ್ಚುಮದ್ದು ಕೊಟ್ಟ ಜಾಗದಲ್ಲಿನ ಪ್ರತಿಯೊಂದು ಗಂಟೂ ಸುಣ್ಣದ್ದಲ್ಲ. ಗಂಟಲುಬೇನೆ, ಚಪ್ಪೆರೋಗದಂಥ ಕಾಯಿಲೆಗಳ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಅಥವಾ ಎಣ್ಣೆ ಸೇರಿರುವುದುಂಟು. ಅವು ಲಸಿಕೆಯನ್ನು ಅಂಗಾಂಶದಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಡುಗಡೆ ಮಾಡುವುದರಿಂದ ಚಿಕ್ಕ ಗಂಟು ಏಳುವುದು ನಿರೀಕ್ಷಿತ. ಬಹುತೇಕ ಗಂಟುಗಳು ಕ್ರಮೇಣ ಇಳಿಯುತ್ತವೆ. ಗಂಟಿನ ಭಯದಿಂದ ಲಸಿಕೆ ತಪ್ಪಿಸಿದರೆ ಹೋಗುವುದು ಜಾನುವಾರಿನ ಜೀವ. ಬಿಸಿಯಾಗಿ, ಮೆದುವಾಗಿ, ಮುಟ್ಟಿದರೆ ನೋಯುವ ಊತವು ಕೀವುಗಟ್ಟಿದ್ದಾಗಿರುವ ಸಂಭವ ಹೆಚ್ಚು. ತಣ್ಣಗೆ, ಕಲ್ಲಿನಂತೆ ಗಟ್ಟಿಯಾಗಿ, ಮೇಲ್ಮೈ ಉಬ್ಬುತಗ್ಗಾಗಿ, ವಾರಗಟ್ಟಲೆ ಬದಲಾಗದೆ ಇರುವ ಗಂಟು ಸುಣ್ಣಗಟ್ಟಿರಬಹುದು. ಕ್ಷಕಿರಣ ಚಿತ್ರದಲ್ಲಿ ಅದು ಮೂಳೆಯಂತೆ ಬಿಳಿಯಾಗಿ ಕಾಣುತ್ತದೆ.

ಕತ್ತರಿಸಿದ ಮಾಂಸದಲ್ಲಿ ಸುಣ್ಣ ಕಂಡರೆ ಇನ್ನೂ ಎಚ್ಚರ ಬೇಕು. ದನದ ದುಗ್ಧಗ್ರಂಥಿಗಳಲ್ಲಿ ಹಳದಿ ಗಿಣ್ಣಿನಂಥ, ಮರಳುಮರಳಾದ ವಸ್ತು ಇದ್ದರೆ ಮೊದಲು ಸಂಶಯಿಸಬೇಕಾದುದು ಕ್ಷಯರೋಗವನ್ನು. ಅದು ಮನುಷ್ಯರಿಗೂ ಹರಡುತ್ತದೆ. ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಸತ್ತ ಲಾಡಿಹುಳುವಿನ ಮರಿಕೋಶಗಳೂ ಸುಣ್ಣಗಟ್ಟುತ್ತವೆ. ಕುರಿಮರಿಗಳ ಮತ್ತು ಕರುಗಳ ತೊಡೆಯ ಸ್ನಾಯು ಎರಡೂ ಬದಿಯಲ್ಲಿ ಸಮವಾಗಿ ಬಿಳಿಚಿ ಸೀಮೆಸುಣ್ಣದಂತೆ ಕಂಡರೆ ಅದು ಸೆಲೆನಿಯಂ ಮತ್ತು ಜೀವಸತ್ವ ಇ ಕೊರತೆಯ ಬಿಳಿ ಸ್ನಾಯು ರೋಗ. ಚುಚ್ಚುಮದ್ದಿನ ಗಂಟು ಸಾಮಾನ್ಯವಾಗಿ ಚುಚ್ಚಿದ ಬದಿಯಲ್ಲಿ ಮಾತ್ರ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಮೊದಲಾದ ಕಡೆಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ದನಗಳ ಕಾಲಿನ ಮೂಳೆಗಳ ಮೇಲೆ ಗುಬುಟು ಏಳುವುದು, ಸ್ನಾಯುರಜ್ಜುಗಳು ಗಟ್ಟಿಯಾಗುವುದು ಪ್ರತ್ಯೇಕ ಸಮಸ್ಯೆ. ಹಲ್ಲಿನ ಕಂದು ಪಟ್ಟೆಯಿಂದ ಅದನ್ನು ಗುರುತಿಸಬಹುದು.

ಚಿಕಿತ್ಸೆ ಮತ್ತು ಪರೀಕ್ಷೆ

ಚರ್ಮದಡಿಯ ಚಿಕ್ಕ ಸುಣ್ಣದ ಗಂಟು ಕಾರಣ ದೂರವಾದ ಮೇಲೆ ತಿಂಗಳುಗಳಲ್ಲಿ ತಾನಾಗಿ ಕರಗುವುದುಂಟು. ನಡಿಗೆಗೆ ಅಡ್ಡಿಯಾಗುವ, ಒಡೆದು ಹುಣ್ಣಾಗುವ ಗಂಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಮನೆಯಲ್ಲಿ ಬ್ಲೇಡಿನಿಂದ ಸೀಳುವುದು, ಬರೆ ಹಾಕುವುದು, ಬಿಸಿ ಎಣ್ಣೆ ಸುರಿಯುವುದು ಸಲ್ಲದು. ಸತ್ತ ಅಂಗಾಂಶ ಹೆಚ್ಚಿದಷ್ಟೂ ಸುಣ್ಣ ಕಟ್ಟಲು ಜಾಗ ಹೆಚ್ಚುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿರುವ ಸಂಶಯವಿದ್ದರೆ, ಅಂದರೆ ಹಸು ಮೇವು ಬಿಟ್ಟು, ಹೆಚ್ಚು ನೀರು ಕುಡಿದು, ಹೆಚ್ಚು ಮೂತ್ರ ಮಾಡಿ, ಸೊರಗುತ್ತಿದ್ದರೆ, ಜೀವಸತ್ವ ಡಿ ಮತ್ತು ಕ್ಯಾಲ್ಸಿಯಂ ಇರುವ ಎಲ್ಲ ಔಷಧಿ, ಮಿಶ್ರಣಗಳನ್ನು ಕೂಡಲೇ ನಿಲ್ಲಿಸಿ ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ. ಆ ದಿನ ಹಸುವಿಗೆ 'ಶಕ್ತಿಗೆಂದು' ಇನ್ನೊಂದು ಬಾಟಲಿ ಏರಿಸುವುದು ಅತಿ ದೊಡ್ಡ ತಪ್ಪು. ಕಳೆದ ಎರಡು ತಿಂಗಳಲ್ಲಿ ಕೊಟ್ಟ ಚುಚ್ಚುಮದ್ದುಗಳ ಖಾಲಿ ಬಾಟಲಿಗಳನ್ನು ಎಸೆಯದೆ ವೈದ್ಯರಿಗೆ ತೋರಿಸಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಖಚಿತ ನಿರ್ಣಯವಾಗುವುದು ಸೂಕ್ಷ್ಮದರ್ಶಕದ ಪರೀಕ್ಷೆಯಿಂದ. 1901ರಿಂದ ಬಳಕೆಯಲ್ಲಿರುವ ಫಾನ್ ಕೋಸಾ ವಿಧಾನದಲ್ಲಿ ಬೆಳ್ಳಿಯ ನೈಟ್ರೇಟ್ ದ್ರಾವಣವು ಸುಣ್ಣದ ಫಾಸ್ಫೇಟಿಗೆ ತಗುಲಿ, ಬೆಳಕಿಗೆ ಕಪ್ಪಾಗುತ್ತದೆ. ಕಬ್ಬಿಣವನ್ನು ಪರ್ಲ್ಸ್ ವಿಧಾನವು ನೀಲಿಯಾಗಿ ತೋರಿಸುತ್ತದೆ. ಹಂದಿಮರಿಯ ಗಂಟಿನಲ್ಲಿ ನೀಲಿಯೂ ಕಪ್ಪೂ ಅಕ್ಕಪಕ್ಕದಲ್ಲಿ ಕಂಡರೆ ಕಬ್ಬಿಣದ ಚುಚ್ಚುಮದ್ದಿನ ಪಾತ್ರ ಸ್ಪಷ್ಟ. ಅಂಗಾಂಶದ ತುಂಡನ್ನು ಪ್ರಯ��ಗಾಲಯಕ್ಕೆ ಕಳುಹಿಸುವವರು ಅದನ್ನು 1 ಸೆಂ.ಮೀ.ಗಿಂತ ದಪ್ಪವಿಲ್ಲದಂತೆ ಕತ್ತರಿಸಿ, ಅದರ ಹತ್ತು ಪಟ್ಟು ಪ್ರಮಾಣದ ಶೇ. 10ರ ಫಾರ್ಮಲಿನ್‌ನಲ್ಲಿ ಹಾಕಬೇಕು. ಫಾರ್ಮಲಿನ್ ಆಮ್ಲತೆ ತಟಸ್ಥಗೊಳಿಸಿದ್ದಾಗಿರಬೇಕು. ಹಳೆಯ, ಹುಳಿಯೇರಿದ ಫಾರ್ಮಲಿನ್‌ನಲ್ಲಿ ಬಹಳ ದಿನ ಇಟ್ಟರೆ ಹುಡುಕಬೇಕಾದ ಸುಣ್ಣವೇ ಅದರಲ್ಲಿ ಕರಗಿಹೋಗುತ್ತದೆ.